ತಲೆಯಲ್ಲಿ ಅಗಸಿ ಬಿತ್ತಿದ್ದು

ಬಚ್ಚಲಮನೆಯ ಗೂಡಿನಲ್ಲಿ ಎರಡು ಹಣಿಗೆಗಳಿದ್ದವು. ನನ್ನ ಹಣಿಗೆಯ ಒಂದು ತುದಿಯಲ್ಲಿ ನಾಲ್ಕು ಹಲ್ಲು ಮುರಿದಿದ್ದವು. ವೈನಿಯ, ಅಂದರೆ ಅಣ್ಣನ ಹೆಂಡತಿಯ, ಹಣಿಗೆಯಲ್ಲಿ ಒಂದೂ ಮುರಿದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ನನ್ನ ಕಣ್ಣು ಮೊದಲು ಅವಳ ಹಣಿಗೆಯ ಮೇಲೆ ಬೀಳುತ್ತಿತ್ತು. ಬಾಯಲ್ಲಿ ನೊರೆ ತುಂಬಿಕೊಂಡು ನಿಂತು, ಇವತ್ತಾದರೂ ಒಂದು ಮುರಿದಿದೆಯೇ ಎಂದು ನೋಡುತ್ತಿದ್ದೆ. ಮುರಿದಿರುತ್ತಿರಲಿಲ್ಲ. ಉಗುಳಿ ಬರುತ್ತಿದ್ದೆ.

ನಮ್ಮಲ್ಲಿ ಇಲ್ಲದ್ದು ಬೇರೆಯವರಲ್ಲಿದ್ದರೆ ಹೊಟ್ಟೆಕಿಚ್ಚು ಪಡುವುದು ಸುಲಭದ ಕೆಲಸ. ದೇವರು ಕೊಡಲಿಲ್ಲ ಎಂದು ತಪ್ಪನ್ನೆಲ್ಲ ಮೇಲಕ್ಕೆ ದಾಟಿಸಿ ಹಾಯಾಗಿರಬಹುದು. ಕಷ್ಟ ಬರುವುದು, ನಮ್ಮಲ್ಲಿ ಇರುವುದೇ ಇನ್ನೊಬ್ಬರಲ್ಲಿಯೂ ಇದ್ದು, ಅವರಲ್ಲಿ ಅದು ಚೆಂದ ಕಂಡಾಗ. ನೀಳ ಜಡೆಯ ಹುಡುಗಿಯರನ್ನು ನಾನು ಶಾಲೆಯಿಂದ ಎಂ.ಎಸ್ಸಿ.ಯವರೆಗೆ ಧಾರಾಳವಾಗಿ ಕ್ಷಮಿಸಿದ್ದೇನೆ. ವೈನಿಯನ್ನು ಕ್ಷಮಿಸುವುದು ಮಾತ್ರ ಆಗಲಿಲ್ಲ. ಯಾಕೆಂದರೆ ಅವಳದೂ ನನ್ನ ಹಾಗೆಯೇ ಗುಂಗುರು ಕೂದಲು.

ಗುಂಗುರು ಎಂದ ಕೂಡಲೇ ಕ್ಯಾಲೆಂಡರಿನ ದೇವಿಯರ ಕೆನ್ನೆಗೆ ಇಳಿದುಬಂದಿರುವ ಮುದ್ದಾದ ಸುರುಳಿಗಳನ್ನು ನೆನೆಯಬೇಡಿ. ನನ್ನ ಕೂದಲು ಬುಡದಲ್ಲೇ ಯಾವುದೋ ಮಾತಿಗೆ ಮುನಿಸಿಕೊಂಡು ಹೊರಟದ್ದು. ಒಂದು ಎಳೆ ಪೂರ್ವಕ್ಕೆ ಹೋದರೆ ಇನ್ನೊಂದು ಬೇಕೆಂದೇ ಪಶ್ಚಿಮಕ್ಕೆ ಹೋಗುತ್ತದೆ. ಅವ್ವ ಅದನ್ನು ಜಾಲಿಕಂಟಿ ಎನ್ನುತ್ತಿದ್ದಳು. ಧಾರವಾಡದಲ್ಲಿ ಓದುವಾಗ ಮೊದಲ ಮಳೆಗಾಲಕ್ಕೇ ಆ ಹಸಿ ಗಾಳಿ ಕುಡಿದು ಅದು ಇದ್ದದ್ದಕ್ಕಿಂತ ಎರಡರಷ್ಟಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ, "ನೀವು ಗ್ವಾಡಿ ಬಾಜೂಕ ಕೂಡತೀರೇನ್ರಿ? ಬೋರ್ಡ್ ಕಾಣವಲ್ದು" ಎಂದಿದ್ದಳು. ಎರಡು ವರ್ಷ ಗೋಡೆಗೆ ಒರಗಿಯೇ ರಸಾಯನಶಾಸ್ತ್ರ ಓದಿದೆ. ಬಣ್ಣಬಣ್ಣದ ಚೀಟಿ ಶಾಂಪೂಗಳು ನಮ್ಮ ಇಂಡಿ ಊರಿನ ಅಂಗಡಿಗಳ ಮುಂದೆ ತೋರಣದಂತೆ ತೂಗತೊಡಗಿದಾಗ ಅವನ್ನೂ ಒಂದೊಂದಾಗಿ ಹರಿದು ನೋಡಿದ್ದೆ. ಕೂದಲಿಗೆ ಅದರಿಂದ ಸಿಟ್ಟು ಹೆಚ್ಚಾಯಿತೇ ಹೊರತು ಮತ್ತೇನೂ ಆಗಲಿಲ್ಲ.

ಇಷ್ಟಾದರೂ ನಾನು ಈ ಕೂದಲಿಗೆ ಒಂದು ವಿಷಯದಲ್ಲಿ ಋಣಿಯಾಗಿದ್ದೆ. ನಮ್ಮ ಮನೆಯಲ್ಲಿ ರವಿವಾರ ಎರಕೊಳ್ಳುವ ದಿನ. ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ, ತಲೆಗೆ ಹಂಡೆಗಟ್ಟಲೆ ನೀರು ಹೊಯ್ದುಕೊಂಡು ಒಣಗಿಸಿದ ಮೇಲೆ ಅವ್ವ ಅಂಗಳದ ಕಟ್ಟೆಯ ಮೇಲೆ ಕೂತು, ನನ್ನನ್ನು ಕೆಳಗಿನ ಮೆಟ್ಟಿಲಿನಲ್ಲಿ ಕೂಡಿಸಿಕೊಂಡು, ಮೊಣಕಾಲುಗಳ ನಡುವೆ ನನ್ನ ತಲೆಯನ್ನು ಭದ್ರವಾಗಿ ಹಿಡಿದು ಹಣಿಗೆ ಹಚ್ಚುತ್ತಿದ್ದಳು. ಬೇರೆ ಹುಡುಗಿಯರ ತಲೆ ಚಾ ಕುದಿಯುವಷ್ಟರಲ್ಲಿ ಮುಗಿದರೆ ನನ್ನದಕ್ಕೆ ಮಧ್ಯಾಹ್ನವೇ ಬೇಕು. ನಾನು ಹೆಚ್ಚು ಮಾತಿನವಳಲ್ಲ. ಎದುರಿಗೆ ಮುಖವಿದ್ದರೆ, ಅದು ಅವ್ವನದೇ ಆಗಿದ್ದರೂ, ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಬೆನ್ನು ತಿರುಗಿಸಿ ಕೂತಾಗ ಮಾತ್ರ, ಅದೂ ಯಾರಾದರೂ ಕೂದಲು ಎಳೆಯುತ್ತಿದ್ದಾಗ, ಹೊರಗೆ ಬರುತ್ತದೆ. ಪಿಯುಸಿಯಲ್ಲಿ ಗಣಿತ ಹೋದದ್ದು, ಹೊರ್ತಿಯ ಕಾಲೇಜಿನಲ್ಲಿ ಮೊದಲ ದಿನ ಬೋರ್ಡಿನ ಕಡೆಗೇ ಮುಖ ಮಾಡಿ ಪಾಠ ಮುಗಿಸಿದ್ದು, ನಾಲತವಾಡದಿಂದ ಬಂದ ಆ ವರ ಬೇಡವೇ ಬೇಡ ಎಂದದ್ದು, ಎಲ್ಲವನ್ನೂ ನಾನು ಹೇಳಿದ್ದು ಆ ಮೆಟ್ಟಿಲಿನಲ್ಲಿ ಕೂತು, ಎದುರುಮನೆಯ ಬೇವಿನ ಗಿಡ ನೋಡುತ್ತ. ಅವ್ವ "ಹೂಂ" ಎನ್ನುತ್ತಿದ್ದಳು ಅಷ್ಟೇ. ಅವಳ ಅಭಿಪ್ರಾಯ ಹಣಿಗೆಯಿಂದ ತಿಳಿಯುತ್ತಿತ್ತು. ಒಪ್ಪಿಗೆಯಿದ್ದರೆ ಮೆಲ್ಲಗೆ ಬರುತ್ತಿತ್ತು. ಇಲ್ಲದಿದ್ದರೆ ಕಣ್ಣಲ್ಲಿ ನೀರು ಬರುವ ಹಾಗೆ ಬರುತ್ತಿತ್ತು. ನಾಲತವಾಡದ ವರನ ವಿಷಯಕ್ಕೆ ಒಂದು ಹಲ್ಲು ಮುರಿದದ್ದು ನನಗೆ ಚೆನ್ನಾಗಿ ನೆನಪಿದೆ.

ಪ್ರಭಾ ವೈನಿ ಬಸವನ ಬಾಗೇವಾಡಿಯವಳು. ಅಣ್ಣನ ಮದುವೆಯ ಗದ್ದಲದಲ್ಲಿ ಅವಳ ತಲೆ ಪೂರ್ತಿ ಹೂವಿನಡಿ ಮುಚ್ಚಿಹೋಗಿದ್ದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಮೊದಲ ರವಿವಾರ ಎರಕೊಂಡು ಬಂದವಳು ತಲೆಗೆ ಸುತ್ತಿದ್ದ ಹಳೆಯ ಧೋತರದ ತುಂಡನ್ನು ಅಂಗಳದಲ್ಲಿ ಬಿಚ್ಚಿದಳು ನೋಡಿ, ಅವ್ವನ ಕೈಯ ಮೊರ ಹಾಗೇ ನಿಂತಿತು. ಕಪ್ಪು ಹೊಳಪಿನ ಸುರುಳಿಗಳು, ಒಂದರ ಪಕ್ಕ ಒಂದು, ಯಾರೋ ಬೆರಳಿಗೆ ಸುತ್ತಿ ಬಿಟ್ಟ ಹಾಗೆ, ಸೊಂಟದವರೆಗೆ. ಅವ್ವ ಹಣಿಗೆ ಹಿಡಿದು ಎದ್ದಳು. ವೈನಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಹಿಂದೆ ಸರಿದಳು.

"ಬ್ಯಾಡ್ರೀ ಅತ್ತಿ! ಒಣಗಿದ ಮ್ಯಾಲ ಗುಂಗರ ಕೂದಲಕ್ಕ ಹಣಗಿ ಹಚ್ಚಬಾರದ್ರಿ. ಹರದ ಹೊಕ್ಕಾವು. ಹಸೀ ಇದ್ದಾಗ ಕೈ ಬೆರಳಲೆ ಬಿಡಿಸಿ ಬಿಟ್ಟಬಿಡಬೇಕ್ರಿ."

ಅವ್ವ ಒಮ್ಮೆ ಅವಳ ತಲೆ ನೋಡಿದಳು, ಒಮ್ಮೆ ನನ್ನದು. "ಅಯ್ಯ ಶಿವನ! ಇಷ್ಟ ವರ್ಷ ನನ್ನ ಮಗಳ ತಲಿ ನಾನ ಕೆಡಿಸೀನಲ್ಲೊ!" ಎಂದು ಹಣಿಗೆಯನ್ನು ಕಟ್ಟೆಯ ಮೇಲೆ ಇಟ್ಟಳು. ಇಟ್ಟವಳು ಮತ್ತೆ ಎತ್ತಿಕೊಳ್ಳಲಿಲ್ಲ. "ಇನ್ನ ನಾ ಮುಟ್ಟಾಂಗಿಲ್ಲವಾ. ನಿಮ್ಮ ವೈನಿ ಕೈಲೆ ಮಾಡಿಸ್ಕೊ, ಆಕೀಗೆ ತಿಳೀತದ."

ವೈನಿಗೆ ಇದರಿಂದ ಪರಮ ಸಂತೋಷ. "ಬರ್ರಿ ಅಕ್ಕಾರ, ಕೂಡ್ರಿ, ನಾ ಮಾಡತೇನಿ!" ಎಂದು ಪ್ರತಿ ರವಿವಾರ ಕರೆಯುವಳು. ನಾನು ಪರೀಕ್ಷೆಯ ಪೇಪರು ತಿದ್ದುವುದಿದೆ ಎನ್ನುತ್ತಿದ್ದೆ. ಬೇಸಿಗೆ ರಜೆಯಲ್ಲಿಯೂ ಹಾಗೆಯೇ ಎಂದೆ. ಅವಳು ಅಷ್ಟು ಒಳ್ಳೆಯವಳು, ನಂಬಿದಳು. ಆಮೇಲೆ ಅತ್ತೆ ಸೊಸೆ ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಾಡುವರು. ವೈನಿ ಎದುರಿಗೆ ಮುಖವಿದ್ದರೂ ಮಾತಾಡಬಲ್ಲಳು. ಮುಖವೇ ಇಲ್ಲದಿದ್ದರೂ, ಗೋಡೆಯೊಂದಿಗೆ ಬೇಕಾದರೂ ಮಾತಾಡಬಲ್ಲಳು. ಅವಳಿಗೆ ಆ ಕಟ್ಟೆಯ ಅಗತ್ಯವೇ ಇರಲಿಲ್ಲ. ನಾನು ಕಿಟಕಿಯ ಒಳಗೆ ನನ್ನ ಮುಳ್ಳುಹಂದಿಯನ್ನು ನಾನೇ ಬಾಚಿಕೊಳ್ಳುತ್ತ, ಹೇಳಬೇಕಾದ್ದನ್ನೆಲ್ಲ ನುಂಗುತ್ತ ಕೂತಿರುತ್ತಿದ್ದೆ.

ಮೊದಮೊದಲು ನೀರಿನ ಸಿದ್ಧಾಂತ ಹಿಡಿದು ಸಮಾಧಾನ ಮಾಡಿಕೊಂಡೆ. ನಮ್ಮದು ಸವಳು ನೀರು. ಬಾಗೇವಾಡಿಯ ನೀರು ಒಳ್ಳೆಯದಿರಬೇಕು. ಇಂಡಿಯ ಬೋರಿನ ನೀರು ನಾಲ್ಕು ತಿಂಗಳು ಬೀಳಲಿ, ಆಗ ನೋಡೋಣ ಎಂದು ಕಾದೆ. ನಾಲ್ಕು ತಿಂಗಳಿಗೆ ಅವಳ ಕೂದಲು ಇನ್ನಷ್ಟು ಹೊಳೆಯಿತು. ವಿಜ್ಞಾನದವಳಾಗಿ ಸಿದ್ಧಾಂತವನ್ನು ಕೈಬಿಡಲೇಬೇಕಾಯಿತು. ಮುಂದಿನ ಮಾರ್ಗ ಪತ್ತೇದಾರಿಕೆ. ಕೇಳಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದಳು, ನಿಜ. ಆದರೆ ಕೇಳುವುದೆಂದರೆ ಅವಳ ಮುಂದೆ ಕೂತ ಹಾಗೆಯೇ. ಒಂದು ರವಿವಾರ ಹಿತ್ತಿಲಿನ ಕಿಟಕಿಯಿಂದ ನೋಡಿದೆ: ಅವಳು ಸಣ್ಣ ಬೋಗುಣಿಯಲ್ಲಿ ಅಗಸಿ ಕಾಳು ಹಾಕಿ, ನೀರು ಸುರಿದು ಕುದಿಸುತ್ತಿದ್ದಳು. ಚಟ್ನಿಪುಡಿ ಮಾಡಲು ಎಲ್ಲರ ಮನೆಯಲ್ಲೂ ಡಬ್ಬಿ ತುಂಬ ಇರುವ ಅದೇ ಅಗಸಿ! ನೀರು ಮೊಟ್ಟೆಯ ಬಿಳಿಯ ಹಾಗೆ ಲೋಳೆಯಾಯಿತು. ಅಷ್ಟರಲ್ಲಿ ಅವ್ವ ಕೂಗಿದಳು, ಮುಂದಿನದನ್ನು ನೋಡಲಾಗಲಿಲ್ಲ. ನೋಡುವ ಅಗತ್ಯವೂ ಕಾಣಲಿಲ್ಲ. ಲೋಳೆ ಎಂದರೇನು, ಅದನ್ನು ಕಾಳಿನಿಂದ ಬೇರ್ಪಡಿಸುವುದು ಹೇಗೆ ಎಂದು ಮಕ್ಕಳಿಗೆ ಪ್ರಯೋಗ ಮಾಡಿಸಿ ಹೊಟ್ಟೆ ಹೊರೆಯುವವಳು ನಾನು.

ಮುಂದಿನ ರವಿವಾರ ಎಲ್ಲರೂ ಸಿಂದಗಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಬಸುರಿಯ ಕುಬಸಕ್ಕೆ ಹೊರಟರು. ನಾನು ಮತ್ತೆ ಪೇಪರು ಎಂದೆ. ಅವರು ಹೋದದ್ದೇ ಅಗಸಿ ಕುದಿಸಿದೆ. ಬೋಗುಣಿ ಇಳಿಸಿ, ಪ್ರಯೋಗಾಲಯದಲ್ಲಿ ಹೇಗೆ ಕಲಿಸುತ್ತೇನೋ ಹಾಗೆ, ಪೂರ್ತಿ ತಣ್ಣಗಾಗಲು ಬಿಟ್ಟೆ. ಬಿಸಿ ದ್ರಾವಣವನ್ನು ಅವಸರದಿಂದ ಸೋಸುವ ಹುಡುಗರಿಗೆ ನಾನು ಅಂಕ ಕಡಿಮೆ ಕೊಡುತ್ತೇನೆ. ತಲೆಗೆ ಎರಕೊಂಡು ಬಂದು ನೋಡಿದರೆ ಬೋಗುಣಿಯಲ್ಲಿ ದ್ರಾವಣವಿರಲಿಲ್ಲ. ಕಾಳುಗಳನ್ನು ತಬ್ಬಿಕೊಂಡು ನಡುಗುವ ಒಂದು ಮುದ್ದೆ ಇತ್ತು. ಅರಿವೆಯಲ್ಲಿ ಹಾಕಿ ಹಿಂಡಿದೆ. ಒಂದು ಹನಿಯೂ ಇಳಿಯಲಿಲ್ಲ. ಇನ್ನೂ ಜೋರಾಗಿ ಹಿಂಡಿದೆ. ಮುದ್ದೆ ಮೇಲಿನಿಂದ ಜಾರಿ ನನ್ನ ಮೊಣಕೈಗೆ ಬಂತು. ಹೊತ್ತು ಏರುತ್ತಿತ್ತು, ಕೂದಲು ಒಣಗುತ್ತಿತ್ತು. ಹಾಗೇ ಹಚ್ಚಿಕೊಂಡರಾಯಿತು, ಒಣಗಿದ ಮೇಲೆ ಕಾಳು ತಾನಾಗಿ ಉದುರುತ್ತವೆ ಎಂದು ತೀರ್ಮಾನಿಸಿದೆ. ಒಣಗಿದ ಲೋಳೆ ಅಂಟಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆ ಹೊತ್ತಿಗೆ ನನ್ನೊಳಗಿದ್ದದ್ದು ರಸಾಯನಶಾಸ್ತ್ರವಲ್ಲ.

ಮಾಳಿಗೆ ಏರಿ ಬಿಸಿಲಿಗೆ ಕೂತೆ. ಸುರುಳಿಗಳು ನಿಜವಾಗಿಯೂ ಬಂದವು! ಕೈಗನ್ನಡಿಯಲ್ಲಿ ನೋಡಿ ನನಗೇ ಗುರುತು ಸಿಗಲಿಲ್ಲ. ಪ್ರತಿ ಸುರುಳಿಯಲ್ಲೂ ಸಾಲು ಹಿಡಿದು ಕಂದು ಬಣ್ಣದ ಕಾಳುಗಳು, ಹೊಳೆಯುತ್ತ, ಒಂದಿಷ್ಟೂ ಅಲುಗದೆ ಕೂತಿದ್ದವು. ಎಳೆದರೆ ಕೂದಲೇ ಬರುತ್ತಿತ್ತು. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಕಾಯುತ್ತಿದ್ದ ಕಾಶಿಬಾಯಿ ಅತ್ತಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಏನವಾ ಲೆಕ್ಚರರ ಬಾಯಿ, ತಲಿಯಾಗ ಹಿಂಗಾರಿ ಬಿತ್ತೀಯೇನ?"

"ಇಲ್ರಿ ಅತ್ತಿ, ಔಷಧರಿ."

"ಔಷಧೇನ! ಗುಬ್ಬಿ ಬಂದು ಕುಂತಾವ ನೋಡವಾ ನಿನ್ನ ಬೆನ್ನ ಹಿಂದ. ನನ್ನ ಹಪ್ಪಳ ಬಿಟ್ಟ ನಿನ್ನ ಕಡೆ ಹೊಂಟಾವು. ಚಲೋ ಆತು ಬಿಡ, ಅಲ್ಲೇ ಕೂಡು, ನಾ ಒಂದೀಟ ಅಡ್ಡಾಗತೇನಿ."

ಗುಬ್ಬಿಗಳ ಹೆದರಿಕೆಗೆ ಕೆಳಗಿಳಿದು ಬಂದೆ. ಸಿಂದಗಿಗೆ ಹೋದವರು ಸಂಜೆಯ ಬಸ್ಸಿಗೆ ಬಂದರು. ಅಣ್ಣ ಬಾಗಿಲಲ್ಲೇ ನಿಂತು ನಕ್ಕ. ಚಪ್ಪಲಿ ಬಿಡುವುದನ್ನೂ ಮರೆತು ನಕ್ಕ. ವೈನಿ ನಗಲಿಲ್ಲ. ಅವಳು ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಓಡಿಬಂದು, "ಅಯ್ಯ ಅಕ್ಕಾರ, ಬಿಸಿ ಇದ್ದಾಗ ಸೋಸಬೇಕ್ರಿ ಅದನ್ನ! ನನ್ನ ಕೇಳಬಾರದೇನ್ರಿ? ಇರ್ರಿ, ಬೆಚ್ಚಗಿನ ನೀರ ಹಾಕಿದ್ರ ಎಲ್ಲಾ ಜಾರಿ ಬಂದಬಿಡತಾವು, ಈಗ ಕಾಸತೇನಿ" ಎಂದಳು.

ಅವ್ವ ಕೈಚೀಲ ಕೆಳಗಿಟ್ಟು ಹತ್ತಿರ ಬಂದಳು. ಒಂದು ಸುರುಳಿಯನ್ನು ಎತ್ತಿ ನೋಡಿದಳು. ಅಗಸಿ ಬಿತ್ತಿ ಬೆಳೆದ ಮನೆಯ ಮಗಳು ಅವಳು. ನೀರು ಸೋಕಿದರೆ ಅಗಸಿ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಪ್ರಭಾ, ನೀ ಒಳಗ ಹೋಗಿ ಚಾಕ್ಕ ಇಡವಾ. ದಣದ ಬಂದೀವಿ" ಎಂದು ಸೊಸೆಯನ್ನು ಒಳಗೆ ಕಳಿಸಿ, ಕುಬಸದ ಸೀರೆಯನ್ನೂ ಬದಲಿಸದೆ ಕಟ್ಟೆಯ ಮೇಲೆ ಕೂತಳು. "ಬಾ ಇಲ್ಲೆ."

ನಾನು ಕೆಳಗಿನ ಮೆಟ್ಟಿಲಿನಲ್ಲಿ ಕೂತೆ. ಹಣಿಗೆಯಿಲ್ಲ, ಬರೀ ಉಗುರು. ಒಂದೊಂದೇ ಕಾಳು ಬಿಡಿಸಿ ಪಕ್ಕದ ಕಲ್ಲಿನ ಮೇಲೆ ಹಾಕುತ್ತಿದ್ದಳು. ನಾನು ಬೇವಿನ ಗಿಡ ನೋಡುತ್ತಿದ್ದೆ.

"ಅವ್ವಾ, ನನಗ ಪ್ರಭಾ ವೈನಿನ್ನ ಕಂಡ್ರ ಹೊಟ್ಟಿಕಿಚ್ಚ."

"ಹೂಂ."

"ಆಕೀದು ಏನೂ ತಪ್ಪಿಲ್ಲ."

"ಹೂಂ. ಅದಕ್ಕ ಜಾಸ್ತಿ ಉರೀತದ ಅದು. ಅಳ್ಳಾಡಬ್ಯಾಡ."

ಆಮೇಲೆ ಒಂದೊಂದಾಗಿ ಎಲ್ಲ ಬಂತು: ನಾಲ್ಕು ತಿಂಗಳಿನಿಂದ ನುಂಗಿದ್ದು. ಮುದ್ದೇಬಿಹಾಳದ ಕಾಲೇಜಿಗೆ ನನ್ನ ವರ್ಗವಾಗಬಹುದೆಂಬ ಸುದ್ದಿ, ಅಲ್ಲಿ ಒಬ್ಬಳೇ ಕೋಣೆ ಮಾಡಿಕೊಂಡು ಇರಬೇಕಾಗುತ್ತದೆಂಬ ಹೆದರಿಕೆ, ಇರಬೇಕೆಂಬ ಆಸೆಯೂ. ಅವ್ವನ ಉಗುರು ಮೆಲ್ಲಗೆ ಬರುತ್ತಿತ್ತು. ಎಡಭಾಗದ ತಲೆ ಮುಗಿಯಿತು. ಅಷ್ಟರಲ್ಲಿ ಕತ್ತಲಾಯಿತು. "ದೀಪಾ ಹಚ್ಚೂ ಹೊತ್ತಾತು, ಇನ್ನ ತಲಿ ಬಿಚ್ಚಗೊಂಡ ಕೂಡಬಾರದು" ಎಂದು ಎದ್ದಳು. "ಬಲಕಿನ ಕಡಿ ಹಂಗ ಇರಲಿ. ನಾಳೆ ಕಾಲೇಜಿಂದ ಬಂದ ಮ್ಯಾಲ ತಗೀತೇನಿ." ನೀರಿನ ಮಾತು ಅವಳೂ ಎತ್ತಲಿಲ್ಲ. ಎಂ.ಎಸ್ಸಿ. ಮಾಡಿದ ನಾನೂ ಎತ್ತಲಿಲ್ಲ.

ಎತ್ತಿದವಳು ವೈನಿಯೇ. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಹಂಡೆಗೆ ಉರಿ ಹಾಕಿ, ಬಚ್ಚಲಲ್ಲಿ ಮಣೆ ಇಟ್ಟು, ತಂಬಿಗೆ ಹಿಡಿದು ನಿಂತಿದ್ದಳು. "ಬರ್ರಿ ಅಕ್ಕಾರ, ಎರಡ ತಂಬಗಿ ಹಾಕಿದ್ರ ಮುಗೀತು. ಹಿಂಗ ಹೆಂಗ ಕಾಲೇಜಿಗೆ ಹೊಕ್ಕೀರಿ?" ನನಗೆ ನೆಗಡಿಯಾಗಿದೆ, ತಲೆಗೆ ನೀರು ಬೇಡ ಎಂದೆ. ಎರಡು ಸಲ ಸೀನಿಯೂ ತೋರಿಸಿದೆ. ಅವಳು ಅದನ್ನೂ ನಂಬಿ, ಒಳಗೆ ಹೋಗಿ ಶುಂಠಿ ಮೆಣಸು ಜಜ್ಜಿ ಕಷಾಯ ಮಾಡಿ ತಂದಳು. ಇಲ್ಲದ ನೆಗಡಿಗೆ ಇಷ್ಟು ರುಚಿಯಾದ ಕಷಾಯವನ್ನು ನಾನು ಎಂದೂ ಕುಡಿದಿರಲಿಲ್ಲ. ಅದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು. ಲೋಟ ತೊಳೆದಿಟ್ಟು, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು ನಿಲ್ದಾಣಕ್ಕೆ ಹೋದೆ. ಹೊರ್ತಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು. ಗಾಳಿಗೆ ಒಂದು ಕಾಳೂ ಉದುರಬಾರದೆಂದು, ನಾನು ಹೋಗಿ ಇಬ್ಬರು ದಪ್ಪ ಹೆಂಗಸರ ನಡುವೆ ಕೂತೆ.