ಮೊಸರಿನ ಬೀರುವಿನಲ್ಲಿ ಸರ್ವರ್

ನಮ್ಮ ಮನೆಯಲ್ಲಿ ಕೂಲರ್ ಇರುವುದು ಒಂದೇ ಕೋಣೆಗೆ. ಆ ಕೋಣೆಯಲ್ಲಿ ಮನುಷ್ಯರು ಯಾರೂ ಮಲಗುವುದಿಲ್ಲ. ಮಧುಗಿರಿಯ ಬೇಸಿಗೆ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು, ನನ್ನ ತಂಗಿ ಎಂಥವಳು ಎಂದು ಅರ್ಥವಾಗುತ್ತದೆ. ಹಗಲೆಲ್ಲ ಕಾದ ಬೆಟ್ಟ ಸಂಜೆಯ ಮೇಲೆ ಆ ಕಾವನ್ನೆಲ್ಲ ಊರಿನ ಮೇಲೆ ಸುರಿಯುವಾಗ ನಾನು ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತೇನೆ. ಒಳಗೆ ತಣ್ಣನೆಯ ಗಾಳಿ ಕುಡಿಯುತ್ತಾ ನಿಂತಿರುವುದು ಒಂದು ಕಂಪ್ಯೂಟರ್!

"ಲೇ, ಇಲ್ಲಿ ಒಡಹುಟ್ಟಿದವಳು ಬೇಯ್ತಾ ಇದೀನಿ" ಎಂದು ಕೂಗಿದರೆ ಅವಳ ಉತ್ತರ ಸಿದ್ಧ.

"ನೀನು ಬೆವರ್ತೀಯ ಕಣಕ್ಕ. ಅದುಕ್ಕೆ ಬೆವರಾಕೆ ಬರಾಕಿಲ್ಲ, ಪಾಪ."

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಶಿರಾದವರನ್ನು ಕೊರಟಗೆರೆಯವರಿಗೂ, ಕೊಡಿಗೇನಹಳ್ಳಿಯವರನ್ನು ಪಾವಗಡದವರಿಗೂ ಜೋಡಿಸುತ್ತಾ ಅರ್ಧ ಆಯುಸ್ಸು ಕಳೆದಳು. ಲೈನು ಯಾವತ್ತೂ ಸಾಯಬಾರದು ಎನ್ನುವುದು ಅವಳ ಮತ. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಹೊತ್ತಿಗೆ ಸರಿಯಾಗಿ ಏಳಬೇಕು, ಹೊತ್ತಿಗೆ ಸರಿಯಾಗಿ ಆರಿಸಬೇಕು ಎನ್ನುವುದು ನನ್ನ ಮತ. ಮದುವೆ ಅವಳಿಗೆ ಬೇಡವಾಯಿತು, ನನಗೆ ಆಗಿ ಮುಗಿಯಿತು. ಹೀಗಾಗಿ ಎರಡು ಮತಗಳೂ ಈಗ ಒಂದೇ ಸೂರಿನಡಿ ಸಂಸಾರ ಮಾಡುತ್ತಿವೆ.

ನಿವೃತ್ತಿಯಾದ ಹೆಂಗಸರು ಏನು ಮಾಡುತ್ತಾರೆ? ಭಜನೆಗೆ ಹೋಗುತ್ತಾರೆ, ಸಂಡಿಗೆ ಇಡುತ್ತಾರೆ, ಗೊರವನಹಳ್ಳಿಗೆ ಹೋಗಿ ಲಕ್ಷ್ಮಿಯ ದರ್ಶನ ಮಾಡಿ ಬರುತ್ತಾರೆ. ಇವಳು ಶಿರಾದ ಗುಜರಿ ಅಂಗಡಿಗೆ ಹೋದಳು! ಯಾವುದೋ ಕಚೇರಿಯವರು ತೂಕಕ್ಕೆ ಹಾಕಿದ್ದ ಒಂದು ಕಪ್ಪು ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಸಿಕೊಂಡು ಬಂದಳು. ಗುಜರಿ ಸಾಬರು ಅವಳನ್ನು ಇಂದಿಗೂ ಗೌರವದಿಂದ ಕಾಣುತ್ತಾರೆ. "ಆಪಾ, ಬೇರೆಯವ್ರು ತಾಮ್ರ ಐತಾ ಅಂತ ಕೇಳ್ತಾರೆ. ನೀವೊಬ್ರೇ ಜೀವ ಐತಾ ಅಂತ ಕೇಳೋದು" ಎಂದು ನನ್ನೆದುರಿಗೇ ಹೇಳಿದ್ದಾರೆ.

ಸರ್ವರ್ ಎಂದರೆ ಏನು ಎಂದು ನನಗೆ ಅರ್ಥವಾಗಿರುವಷ್ಟನ್ನು ಹೇಳುತ್ತೇನೆ. ಅದೊಂದು ಕಂಪ್ಯೂಟರ್, ಆದರೆ ಅದಕ್ಕೆ ಪರದೆ ಇಲ್ಲ, ಆಟ ಆಡಲು ಬರುವುದಿಲ್ಲ. ಎಚ್ಚರವಾಗಿರುವುದೇ ಅದರ ಉದ್ಯೋಗ. ಹೊಟ್ಟೆಯಲ್ಲಿ ಡಿಸ್ಕ್ ಎಂಬ ಡಬ್ಬಿಗಳಿರುತ್ತವೆ. ಫೋಟೋ, ವಿಡಿಯೋ, ಪತ್ರ, ಏನು ಕೊಟ್ಟರೂ ಅದರಲ್ಲಿ ತುಂಬಿಟ್ಟುಕೊಂಡು ಕೇಳಿದಾಗ ಕೊಡುತ್ತದೆ. ಒಂದು ಡಬ್ಬಿಯಲ್ಲಿ ಇರುವುದೇ ಇನ್ನೊಂದರಲ್ಲೂ ಇರುತ್ತದೆ. ಒಂದು ಸತ್ತರೆ ಇನ್ನೊಂದು. ನನಗೆ ಇದು ಹೊಸದೇನಲ್ಲ, ನಮ್ಮಮ್ಮ ಉಪ್ಪಿನಕಾಯಿಯನ್ನು ಹೀಗೆಯೇ ಎರಡು ಭರಣಿಗಳಲ್ಲಿ ಇಡುತ್ತಿದ್ದಳು.

ಪೆಟ್ಟಿಗೆ ಬಂತು, ಸರಿ, ಇಡುವುದೆಲ್ಲಿ? ಗಾಳಿ ಆಡಬೇಕು, ಇಲಿ ಹೋಗಬಾರದು, ಇರುವೆ ಹತ್ತಬಾರದು. ತಂಗಿ ಮನೆಯೆಲ್ಲ ಸುತ್ತಿ ಅಡುಗೆಮನೆಯ ಮುಂದೆ ನಿಂತಳು. ಹಾಲು ಮೊಸರು ಇಡುವ ಜಾಲರಿ ಬಾಗಿಲಿನ ಹಳೆಯ ಮರದ ಬೀರು! ಸಂಜೆಗೆ ನನ್ನ ಮೊಸರಿನ ಪಾತ್ರೆ ಕಿಟಕಿಯ ಕಟ್ಟೆಗೆ ಬಂತು, ಬೀರು ಕೂಲರ್ ಕೋಣೆಗೆ, ಸರ್ವರ್ ಬೀರುವಿನೊಳಗೆ ಹೋದವು. ಇರುವೆ ಹತ್ತದಿರಲೆಂದು ಬೀರುವಿನ ನಾಲ್ಕೂ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲುಗಳಿದ್ದವಲ್ಲ, ಅವೂ ಜೊತೆಗೇ ಬಂದವು. ವೈರ್ ಎಳೆಯಲು ಬಂದ ಎಲೆಕ್ಟ್ರಿಷಿಯನ್ ಅದನ್ನು ನೋಡಿ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮತ್ತೆ ಹಾಕಿಕೊಂಡ.

"ಮೇಡಂ, ನೀರ್ನಾಗೆ ಕರೆಂಟು ನಿಲ್ಲಿಸಿದೀರಲ್ಲ! ನನ್ಗೆ ಇಬ್ರು ಹೆಣ್ಮಕ್ಕಳವ್ರೆ, ಬುಟ್ಬುಡಿ."

"ಮರದ ಕಾಲು ಕಣಪ್ಪ, ನೀರು ಬಟ್ಟಲಲ್ಲಿ ಅದೆ, ಕರೆಂಟು ಮೇಲೆ ಅದೆ. ಅವೆರಡೂ ಇದುವರ್ಗೂ ಮಾತಾಡಿಲ್ಲ" ಎಂದಳು ನನ್ನ ತಂಗಿ. ಅವನು ಕೆಲಸವನ್ನೇನೋ ಮಾಡಿದ. ಕಾಫಿ ಮಾತ್ರ ಬೀದಿಯಲ್ಲಿ ನಿಂತು ಕುಡಿದ.

ನಮ್ಮ ಮನೆಯಲ್ಲಿ ಸರ್ವರ್ ಇದೆ ಎಂಬ ಸುದ್ದಿ ಊರಿನಲ್ಲಿ ಹಬ್ಬಿದ ರೀತಿ ನೋಡಬೇಕಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಖಾಲಿ ಚೀಲ ಹಿಡಿದ ಹೆಂಗಸರ ಗುಂಪು.

"ರೇಷನ್ ಅಂಗ್ಡೀಲಿ ಸರ್ವರ್ ಡೌನ್ ಅಂತಾವ್ರೆ ಕಣಮ್ಮ. ನಿಮ್ಮನೇಲೇ ಐತಂತಲ್ಲ, ವಸಿ ಮ್ಯಾಕೆತ್ತಿ ಕೊಡ್ರಮ್ಮ!"

ಅದು ಬೇರೆ ಸರ್ವರ್, ಇದು ಬೇರೆ ಎಂದು ತಂಗಿ ಸಾರಿ ಸಾರಿ ಹೇಳಿದಳು. ಯಾರು ನಂಬುತ್ತಾರೆ? "ಎಲ್ಲಾ ಅಂಗೇ ಯೋಳೋದು" ಎಂದು ಗೊಣಗುತ್ತಾ ಹೋದರು. ಅದೇ ಮಧ್ಯಾಹ್ನ ರೇಷನ್ ಅಂಗಡಿಯ ಸರ್ವರ್ ತಾನಾಗಿಯೇ ಎದ್ದಿತು. ಸಂಜೆ ಒಬ್ಬಾಕೆ ಬಂದು ಬಾಳೆಹಣ್ಣು ಕೊಟ್ಟು ಹೋದಳು!

ಆದರೂ ಇವಳ ನಿಜವಾದ ಗಿರಾಕಿಗಳು ನಮ್ಮ ಬೀದಿಯವರೇ. ಎದುರುಮನೆಯ ರತ್ನಮ್ಮನ ಫೋನು ತುಂಬಿ ನಿಂತುಹೋದರೆ ತಂಗಿ ಅದರಲ್ಲಿರುವುದನ್ನೆಲ್ಲ ಸರ್ವರ್‌ಗೆ ಇಳಿಸಿ, ಫೋನನ್ನು ಖಾಲಿ ಮಾಡಿ ಕೊಡುತ್ತಾಳೆ. ಮೊಮ್ಮಗನ ನಾಮಕರಣ, ಸಿದ್ದರಬೆಟ್ಟಕ್ಕೆ ಹೋಗಿದ್ದು, ಮನೆಗೆ ತಾರಸಿ ಹಾಕಿದ್ದು, ಎಲ್ಲವೂ ಆಮೇಲೆ ಇರುವುದು ನಮ್ಮ ಮೊಸರಿನ ಬೀರುವಿನಲ್ಲೇ. ಬೀದಿಯವರ ಬದುಕೆಲ್ಲ ಹೀಗೆ ಒಂದೊಂದಾಗಿ ಇಲ್ಲಿಗೆ ಬಂತು. ನಾನು ಒಮ್ಮೆ ಬೀರು ವಾಪಸ್ ಬೇಕು ಎಂದು ಜಗಳ ತೆಗೆದಾಗ ತಂಗಿ ಶಪಥ ಮಾಡಿದಳು.

"ಒಬ್ರದು ಒಂದು ಫೋಟೋ ಕಳ್ದೋದ್ರೂ ಸರಿ ಅಕ್ಕ, ಅವತ್ತೇ ಎಲ್ಲಾ ಬಿಚ್ಚಿ ಸಿರಾ ಗುಜ್ರಿಗೆ ಹಾಕ್ಬುಡ್ತೀನಿ. ಇನ್ಮ್ಯಾಕೆ ಮುಟ್ಟಾಕಿಲ್ಲ."

ಅವಳು ಶಪಥ ಮುರಿಯುವವಳಲ್ಲ. ಅಲ್ಲಿಗೆ ಅವಳ ಬದುಕು ಆ ಎರಡು ಡಬ್ಬಿಗಳ ಮೇಲೆ ನಿಂತಂತಾಯಿತು.

ನಿಂತ ಮೇಲೆ ಕೇಳಬೇಕೆ! ಎರಡು ಸಾಲದು, ಮೂರನೆಯದೊಂದು ಪ್ರತಿ ಬೇರೆ ಊರಿನಲ್ಲಿ ಇರಬೇಕು ಎಂದಳು. ಮನೆಗೆ ಬೆಂಕಿ ಬಿದ್ದರೆ? ಸಿಡಿಲು ಹೊಡೆದರೆ? "ಬೆಟ್ಟ ಉರುಳಿದ್ರೆ?" ಎಂದು ನಾನು ಸೇರಿಸಿದೆ. ಅವಳು ಅದನ್ನೂ ಗಂಭೀರವಾಗಿ ಯೋಚಿಸಿದಳು. ಕೊನೆಗೆ ಪಾವಗಡದಲ್ಲಿರುವ ಚಿಕ್ಕಪ್ಪನ ಮಗನ ಮನೆ ಗೊತ್ತಾಯಿತು. ಅಂದಿನಿಂದ ತಿಂಗಳಿಗೊಮ್ಮೆ ಅವಳು ಒಂದು ಡಿಸ್ಕ್ ತುಂಬಿಸಿ, ಕುಲುಕಬಾರದೆಂದು ಮೆತ್ತನೆಯ ಟವೆಲ್‌ನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಪಾವಗಡದ ಬಸ್ಸು ಹತ್ತುತ್ತಾಳೆ. ಅಲ್ಲಿದ್ದ ಹಳೆಯದನ್ನು ಹಾಗೆಯೇ ಅವಚಿಕೊಂಡು ವಾಪಸ್ ಬರುತ್ತಾಳೆ. ಬಸ್ಸಿನಲ್ಲಿ ಅವಳಿಗೆ ಯಾವಾಗಲೂ ಸೀಟು ಸಿಗುತ್ತದೆ. ಒಮ್ಮೆ ಪಕ್ಕದ ಹೆಂಗಸು ಟವೆಲ್ ಸರಿಸಿ ಮಗುವಿನ ಮುಖ ನೋಡಲು ಹೋಗಿ "ಅಯ್ಯೋ ಶಿವನೇ!" ಎಂದು ಕಿರುಚಿದಳಂತೆ. ಕಂಡಕ್ಟರ್ ಬಂದು ನೋಡಿ ಕೇಳಿದನಂತೆ: "ಏನಮ್ಮ ಇದು, ಲಗೇಜಾ, ಮಗೂನಾ? ಯಾವ ಟಿಕೆಟ್ ಹರೀಲಿ?"

"ಮಗೂಗೆ ಹೆಂಗೆ ಹರೀತೀಯೋ ಅಂಗೇ ಹರಿ" ಎಂದಳಂತೆ ಇವಳು. ಮಡಿಲಿನ ಕೂಸಿಗೆ ಟಿಕೆಟ್ ಇಲ್ಲ ಎಂಬುದು ಅವನಿಗೂ ಗೊತ್ತಿತ್ತು, ಇವಳಿಗೂ ಗೊತ್ತಿತ್ತು.

ಇನ್ನು ನನ್ನ ಪಾಲಿನ ಅಪರಾಧ. ಮನೆ ಬಿಟ್ಟು ಹೊರಡುವಾಗ ಗ್ಯಾಸ್ ತಿರುಗಿಸಬೇಕು, ನಲ್ಲಿ ನೋಡಬೇಕು, ಮೇನ್ ಸ್ವಿಚ್ ಇಳಿಸಬೇಕು. ಇದು ಜನ್ಮಕ್ಕಂಟಿದ ಶಿಸ್ತು. ಕೈ ತಾನಾಗಿಯೇ ಹೋಗುತ್ತದೆ! ಮದುವೆ ಮನೆಗಳಲ್ಲಿ ಧಾರೆಯ ಹೊತ್ತಿಗೆ ತಂಗಿಯ ಮುಖ ಬಿಳಿಚಿಕೊಳ್ಳುವುದು ಅದಕ್ಕೇ. "ಅಕ್ಕ, ಇಳಿಸ್ದ್ಯಾ?" "ಇಳಿಸ್ದೆ." ಅಕ್ಷತೆಯನ್ನು ಪಕ್ಕದವರ ಕೈಗೆ ಸುರಿದು ಓಡುವಳು. ಕೊನೆಗೆ ಮೇನ್ ಸ್ವಿಚ್ಚಿಗೆ ತಗಡಿನ ಗೂಡು ಮಾಡಿಸಿ ಬೀಗ ಜಡಿದಳು. ಬೀಗ ಹಾಕಿದೆಯೇ ಎಂದು ಎಳೆದು ನೋಡುವುದೂ ಈಗ ನನ್ನ ಶಿಸ್ತಿಗೆ ಸೇರಿದೆ.

ಡಿಸ್ಕ್‌ಗಳ ಆರೋಗ್ಯವನ್ನು ಅವಳು ಕಿವಿಯಿಂದಲೇ ಹೇಳುತ್ತಿದ್ದಳು. ಬೆಳಿಗ್ಗೆ ಬೀರುವಿನ ಜಾಲರಿಗೆ ಕಿವಿ ಇಟ್ಟು, "ಎಡಗಡೇದು ವಸಿ ಕೆಮ್ತಾ ಅದೆ" ಎನ್ನುವಳು. ಕೆಲವೇ ದಿನಗಳಲ್ಲಿ ಎಡಗಡೆಯದು ನಿಜಕ್ಕೂ ಕೆಟ್ಟು, ಹೊಸದನ್ನು ಹಾಕುವಳು. ಎಕ್ಸ್‌ಚೇಂಜಿನಲ್ಲಿ ಲೈನಿನ ಕರಕರ ಶಬ್ದ ಕೇಳಿಯೇ ಯಾವ ಊರಿನ ಕಂಬದಲ್ಲಿ ತೊಂದರೆ ಎಂದು ಹೇಳುತ್ತಿದ್ದ ಕಿವಿಯಲ್ಲವೇ ಅದು!

ಹೋದ ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದೆ. ತಂಗಿ ಬೀರುವಿನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕಾಳು ಹಿತುಕುತ್ತಿದ್ದಳು. ಬೀರುವಿನೊಳಗಿಂದ ಬೀಪ್, ಬೀಪ್ ಎಂದು ಬೀದಿಗೆ ಕೇಳುವ ಹಾಗೆ ಕೂಗು.

"ಯಾಕೆ ಕೂಗ್ತಾ ಇದೆಯೇ ಅದು?" ಎಂದೆ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. "ಯಾವ್ದು?"

ಆಮೇಲೆ ಕೈಯಲ್ಲಿದ್ದ ಕಾಳು ಬಟ್ಟಲಿಗೆ ಬೀಳದೆ ನೆಲಕ್ಕೆ ಬಿತ್ತು. ಬೀರುವಿನ ಬಾಗಿಲು ತೆಗೆದಳು. ಕೆಂಪು ದೀಪ ಮಿನುಗುತ್ತಿತ್ತು. ಒಂದು ಡಬ್ಬಿ ಎಂದೋ ಸತ್ತಿತ್ತು. ಅದರ ಜೋಡಿಯೂ ಅವತ್ತು ಕೊನೆಯುಸಿರು ಎಳೆಯುತ್ತಿತ್ತು. ಕೆಟ್ಟರೆ ಫೋನಿಗೆ ಮೆಸೇಜ್ ಬರುವಂತೆಯೂ ಮಾಡಿಟ್ಟಿದ್ದಳು. ಬಂದಿತ್ತು. ಬೀದಿಯವರು ದಿನವೂ ಕಳಿಸುವ ಶುಭೋದಯದ ಗುಲಾಬಿ ಹೂಗಳ ರಾಶಿಯ ಅಡಿಯಲ್ಲಿ ಬಿದ್ದಿತ್ತು!

ಅವಳು ಸರ್ವರ್ ಬಿಟ್ಟು ಕದಲಲಾರಳು. ಪಾವಗಡಕ್ಕೆ ನಾನೇ ಹೋದೆ. ದಾರಿಯುದ್ದಕ್ಕೂ ರತ್ನಮ್ಮನ ಮೊಮ್ಮಗನ ನಾಮಕರಣವೇ ಕಣ್ಣ ಮುಂದೆ. ಬೀರು ನನಗೆ ವಾಪಸ್ ಸಿಗುವ ಕಾಲ ಬಂದಿತ್ತು. ವಿಚಿತ್ರವೆಂದರೆ ನನಗೆ ಅದು ಬೇಕೆನಿಸಲಿಲ್ಲ.

ಚಿಕ್ಕಪ್ಪನ ಮಗ ಬಾಗಿಲಲ್ಲೇ ಪಾವಗಡದ ತೆಲುಗು ಬೆರೆತ ಕನ್ನಡದಲ್ಲಿ ಅಭಯ ಕೊಟ್ಟ. "ಅಕ್ಕಯ್ಯಾ, ಭದ್ರಂಗಾ ಇಟ್ಟಿದೀನಿ. ಎವರ್ನೀ ಮುಟ್ಟನಿವ್ವಲೇದು, ಯಾರ್ನೂ ಮುಟ್ಟಾಕೆ ಬಿಟ್ಟಿಲ್ಲ. ಮಕ್ಳನ್ನೂ ಹತ್ರ ಬಿಟ್ಟಿಲ್ಲ!"

ಒಳಗೆ ಕರೆದುಕೊಂಡು ಹೋಗಿ ತೋರಿಸಿದ. ದೇವರ ಗೂಡಿನಲ್ಲಿ, ವೆಂಕಟರಮಣನ ಪಕ್ಕದಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮೇಲೊಂದು ಸೇವಂತಿಗೆ ಇಟ್ಟುಕೊಂಡು ಡಿಸ್ಕ್ ಕೂತಿತ್ತು.

"ಇದಕ್ಕೂ ಪೂಜೆನಾ?"

"ಮತ್ತೆ? ಊರಿನವರ ಪ್ರಾಣ ಇದ್ರಲ್ಲಿ ಐತೆ ಅಂತ ಚೆಲ್ಲೆಲೇ, ನಿನ್ ತಂಗೀನೇ ಹೇಳಿದ್ಳು" ಎಂದ. ನಮ್ಮ ಸೋದರಸಂಬಂಧಿಗೆ ಹಾಸ್ಯ ತಿಳಿಯುವುದಿಲ್ಲ. ಅದು ಹಾಸ್ಯವಲ್ಲ ಎಂದು ಅವತ್ತು ನನಗೂ ಅನಿಸಿತು.

ಕುಂಕುಮ ಒರೆಸಿ, ಟವೆಲ್ ಸುತ್ತಿ, ಎದೆಗೆ ಅವಚಿಕೊಂಡು ಬಂದೆ. ನನಗೂ ಸೀಟು ಸಿಕ್ಕಿತು. ತಂಗಿ ಹೊಸ ಡಬ್ಬಿಗಳಿಗೆ ಎಲ್ಲವನ್ನೂ ತುಂಬಿದಳು. ಆ ಡಿಸ್ಕ್ ಪಾವಗಡಕ್ಕೆ ಹೋದ ಮೇಲೆ ಬಂದಿದ್ದಷ್ಟನ್ನು ಸಾಯುತ್ತಿದ್ದ ಡಬ್ಬಿಯಿಂದ ಬೇಡಿಕೊಂಡು ಬೇಡಿಕೊಂಡು ಇಳಿಸಿದಳು. ಒಂದು ಫೋಟೋ ಕೂಡ ಕಳೆಯಲಿಲ್ಲ. ಶಪಥ ಉಳಿಯಿತು. ನಾನು ಪಾಯಸ ಮಾಡೋಣವೇ ಎಂದು ಕೇಳಲು ಹೋದರೆ ಅವಳು ಸ್ಕ್ರೂಡ್ರೈವರ್ ಹಿಡಿದು ಬೀರುವಿನ ಮುಂದೆ ಕೂತಿದ್ದಳು.

"ಏನು ಬಿಚ್ತಾ ಇದೀಯ?"

"ಮುಚ್ಬುಡ್ತೀನಿ ಅಕ್ಕ. ಎಲ್ರದೂ ಅವ್ರವ್ರಿಗೆ ಕೊಟ್ಬುಡ್ತೀನಿ. ಅದು ಪಕ್ಕದಾಗೇ ಕೂಗ್ತಾ ಇದ್ರೂ ನಂಗೆ ಕೇಳ್ಸಿಲ್ಲ. ಇನ್ನು ನಾನು ಕಾಯ್ತಾ ಇರಾದೇನು, ಮಣ್ಣು?"

ನಾನು ಟ್ರಂಕಿನಿಂದ ನನ್ನ ಹಳೆಯ ಸೀಟಿ ತೆಗೆದು, ಅವಳ ಬೆನ್ನ ಹಿಂದೆ ನಿಂತು, ಎದೆ ತುಂಬ ಉಸಿರೆಳೆದು ಊದಿದೆ. ಎದುರುಮನೆಯ ನಾಯಿ ಬೊಗಳಿತು. ಬೀದಿಯಲ್ಲಿ ಸೈಕಲ್ಲೊಂದು ಗಕ್ಕನೆ ನಿಂತಿತು. ರತ್ನಮ್ಮ ಕಿಟಕಿಯಿಂದ ಇಣುಕಿದಳು. ತಂಗಿ ಮಾತ್ರ ಸ್ಕ್ರೂ ತಿರುಗಿಸುತ್ತಲೇ ಇದ್ದಳು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳ ಮುಂದೆ ಹೋಗಿ ಕೂತು, ಸ್ಕ್ರೂಡ್ರೈವರ್ ಕಿತ್ತುಕೊಂಡು, ಮೈದಾನದ ಧ್ವನಿಯಲ್ಲಿ ಹೇಳಿದೆ: "ಡಿಸ್ಕ್ ಕೆಟ್ಟರೆ ಹೊಸದು ಹಾಕ್ತೀಯ. ಕಿವಿ ಕೆಟ್ಟರೆ ಅಂಗಡಿ ಮುಚ್ತೀಯಾ? ನಾಳೆ ತುಮಕೂರಿಗೆ ಹೊರಡು. ಅಲ್ಲಿವರೆಗೂ ಇದಕ್ಕೆ ಕೈ ಹಚ್ಚಿದರೆ ಜೋಕೆ!"

ತುಮಕೂರಿನ ಕಿವಿ ಡಾಕ್ಟರ ಬಳಿ ಅವಳ ವರಸೆಯನ್ನು ಏನೆಂದು ಹೇಳಲಿ. ಕಿವಿಗೆ ಹಾಕುವ ಯಂತ್ರವನ್ನು ತೋರಿಸಿದ ಹುಡುಗಿಗೆ ಬೆವರಿಳಿಸಿಬಿಟ್ಟಳು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಒಳಗಿನ ಚಿಪ್ ಯಾವುದು? ಬಿಸಿಯಾಗುತ್ತದೆಯೇ? ಬಿಚ್ಚಿ ನೋಡಬಹುದೇ? "ಬಿಚ್ಚಬಾರದು ಆಂಟಿ" ಎಂದು ಆ ಹುಡುಗಿ ಅಳುವಂತಾದಳು. "ಬಿಚ್ಚಿದ್ರೆ ತಿರ್ಗಾ ಕಿವಿ ಕೇಳದಂಗೆ ನಾನೇ ಬಯ್ತೀನಿ" ಎಂದು ನಾನು ಭರವಸೆ ಕೊಟ್ಟೆ.

ಮಾರನೆಯ ಬೆಳಿಗ್ಗೆ ವಾಕಿಂಗ್ ಮುಗಿಸಿ, ಜಗಲಿಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದೆ. ತಂಗಿ ಹೊಸ ಕಿವಿ ಹಾಕಿಕೊಂಡು ಸರ್ವರ್ ಕೇಳಲು ಒಳಗೆ ಹೋದವಳು ಹಾಗೆಯೇ ಹೊರಗೆ ಬಂದಳು.

"ಅದಲ್ಲ. ಇನ್ನೇನೋ ಸುಯ್ ಅಂತಾ ಅದೆ."

ಅಡುಗೆಮನೆಗೆ ಹೋಗಿ ಕುಕ್ಕರ್ ನೋಡಿದಳು. ನಲ್ಲಿ ತಿರುಗಿಸಿದಳು. ಕೂಲರ್ ಆರಿಸಿದಳು! ತಲೆಯನ್ನು ಆ ಕಡೆ ಈ ಕಡೆ ವಾಲಿಸುತ್ತಾ ಜಗಲಿಗೆ ಬಂದು ನನ್ನ ಹಿಂದೆ ಕೂತು, ಬೆನ್ನಿಗೆ ಕಿವಿ ತಂದಳು. ಬೆನ್ನಿಗೆ ತಾಗಿ ಕಿವಿಯ ಯಂತ್ರ ಕೀಂ ಎಂದಿತು. ತಲೆಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಳು.

"ಯಾವಾಗಿಂದ?"

"ಏನು ಯಾವಾಗಿಂದ? ನಡೆದು ಬಂದಿದೀನಿ, ಮೇಲುಸಿರು."

"ಇದು ನಡೆದು ಬಂದಿದ್ದಲ್ಲ. ಯಾವಾಗಿಂದ ಅಕ್ಕ?"

ಹೋದ ಬೇಸಿಗೆಯಿಂದ, ಎಂದೆ. ನಾನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಇರುವ ಇನ್ನೊಬ್ಬಳಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಮುಚ್ಚಿಡುವ ಕಷ್ಟವೂ ಇರಲಿಲ್ಲ.

"ದಿನಾ ಪಕ್ಕದಾಗೇ ಕುಂತಿರ್ತಿದ್ನಲ್ಲ" ಎಂದಳು.

"ಲೇ, ಅಳಬೇಡ. ಯಂತ್ರ ಒದ್ದೆಯಾಗುತ್ತೆ."

"ಮಾತಾಡ್ಬ್ಯಾಡ. ಉಸ್ರಾಡು."

ಡ್ರಿಲ್ ಟೀಚರಿಗೆ ಉಸಿರಾಡು ಎಂದು ಆಜ್ಞೆ! ಉಸಿರಾಡಿದೆ. ಒಳಗೆ, ಹೊರಗೆ. ಅವಳ ಅಂಗೈ ನನ್ನ ಬೆನ್ನ ಮೇಲಿತ್ತು. ಕೂಲರ್ ಆರಿದ ಕೋಣೆಯೊಳಗೆ ಸರ್ವರ್ ಕಾದಿತೋ ಏನೋ, ಬೀರು ಬೀಪ್ ಎಂದಿತು. ಕೇಳಿಸಿತೆಂದು ಅವಳ ಅಂಗೈ ಒಮ್ಮೆ ಬಿಗಿದಾಗ ಗೊತ್ತಾಯಿತು. ಮತ್ತೆ ಕೂಗಿತು. ಅವಳು ಎದ್ದು ಹೋಗಲಿಲ್ಲ.