ಮೀಸೆಗೆ ಕುತ್ತು ತಂದ ಧಾಟಿ

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಕುಬೇರಪ್ಪನ ಬಾಯಿಗೆ ಒಂದು ಧಾಟಿ ಬಂದು ಕುಳಿತಿತು. ಹೇಳದೆ ಕೇಳದೆ ಬಂದ ಬೀಗರ ಹಾಗೆ ಬಂದದ್ದು, ಚಹಾ ಕುಡಿದ ಮೇಲೂ ಏಳಲಿಲ್ಲ.

ಆಗ ಅವನು ಹಿತ್ತಲಲ್ಲಿದ್ದ. ದಸರೆಯಿಂದೀಚೆಗೆ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಒಬ್ಬನೇ ಇರುವುದು ಅವನ ಪದ್ಧತಿ. ಯೋಗ ಮಾಡುತ್ತಾನೆಂದು ಧಾರವಾಡದ ಸಪ್ತಾಪುರದ ಆ ಓಣಿಯೆಲ್ಲ ತಿಳಿದಿತ್ತು. ಅವನು ಹೌದು ಅಂದಿರಲಿಲ್ಲ, ಅಲ್ಲ ಅಂತಲೂ ಅಂದಿರಲಿಲ್ಲ. ಅವತ್ತು ನಡುವೆಯೇ ಕರೆಂಟ್ ಹೋಯಿತು. ಓಣಿಯ ಸದ್ದೆಲ್ಲ ಅಡಗಿತು. ಕುಬೇರಪ್ಪ ಹೊಸಿಲ ಮೇಲೆ ಕುಳಿತು ಬೀಡಿ ಹುಡುಕುತ್ತಿದ್ದಾಗ ಬಾಯಿ ತಾನಾಗಿಯೇ ಹಾಡಿತು:

“ತಾರೀ ರೀರಾ, ತಾರೀ ರೀರಾ, ರಾ ರೀ ರಂ...”

ಬಾಯಿ ಮುಚ್ಚಿಕೊಂಡ. ಮೂಗಿನಿಂದ ಬಂತು.

“ಏನ್ರಿ, ಹಾಡಾಕತ್ತೀರಿ?” ಎಂದು ಒಳಗಿನಿಂದ ಹೆಂಡತಿ ಚನ್ನಬಸವ್ವ ಕೇಳಿದಳು.

“ಇದು ಯಾವ ಹಾಡಲೇ?”

ಚನ್ನಬಸವ್ವ ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. ವಿದ್ಯಾನಗರದ ಡಾಕ್ಟರು ಬಗ್ಗಬೇಡ ಎಂದು ಹೇಳಿ ಕಟ್ಟಿದ ಪಟ್ಟಿ ಅದು. “ಅದಾ? ಅದು ನಮ್ಮ ಮನ್ಯಾಗಿನ...”

“ನಮ್ಮ ಮನ್ಯಾಗ ಯಾರ ಹಾಡ್ತಾರ? ನಿಂಗ ಸಂಗೀತ ಏನ ತಿಳೀತೈತಿ? ಹೋಗು, ರೊಟ್ಟಿ ಬಡಿ.”

“ಬಡೀತೇನ್ರಿ,” ಎಂದು ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಬೇರೆಯವರ ಬಾಯಿಗೆ ಹಾಡು ಬಂದರೆ ಅದು ಸುದ್ದಿಯಲ್ಲ. ಕುಬೇರಪ್ಪನ ಬಾಯಿಗೆ ಬಂದರೆ ಮೀಸೆಗೆ ಕುತ್ತು. ಆ ಓಣಿಯಲ್ಲಿ ಒಂದು ರೂಢಿಯಿತ್ತು. ವರ್ಷದ ಕಡೆಯ ಸಂಜೆ ಎಲ್ಲರೂ ಕುಬೇರಪ್ಪನ ಮಾಳಿಗೆಯ ಮೇಲೆ ಕೂಡಿ, ಗಿರಮಿಟ್ಟು ಮಿರ್ಚಿ ತಿನ್ನುತ್ತ, ಆ ವರ್ಷ ಕೇಳಿದ ಹಾಡು, ಕಂಡ ರಾಜಕೀಯ, ನೋಡಿದ ಸಿನಿಮಾದ ಬಗ್ಗೆ ಒಬ್ಬೊಬ್ಬರಾಗಿ ಮಾತಾಡಬೇಕು. ಹೋದ ವರ್ಷ ಕುಬೇರಪ್ಪ ಎದ್ದು ನಿಂತು, “ನನ್ನ ಲಗ್ನ ಆದ ಮ್ಯಾಲೆ ಹುಟ್ಟಿದ ಹಾಡು ಒಂದೂ ಹಾಡಲ್ಲ, ಎಲ್ಲಾ ಡಬ್ಬಿ ಬಡದದ್ದು. ಅದರಾಗಿಂದು ಒಂದ ಸಾಲು ನನ್ನ ಬಾಯಾಗ ಬಂದ್ರ ಮೀಸಿ ಬೋಳಸ್ತೇನಿ!” ಎಂದು ಗುಡುಗಿದ್ದ. ಪಕ್ಕದ ಮನೆಯ ರಮಾಕಾಂತರಾಯರು, ಕಾಲೇಜಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, “ಎಲ್ಲಾರೂ ಕೇಳಿದ್ರಿಲ್ಲೋ?” ಎಂದು ಓಣಿಯನ್ನೇ ಸಾಕ್ಷಿ ಮಾಡಿಬಿಟ್ಟಿದ್ದರು.

ಮೀಸೆಯೆಂದರೆ ಅಂಥಿಂಥದಲ್ಲ. ಹೊಸೆದ ಹಗ್ಗದಂಥದು. ಕುಬೇರಪ್ಪನದು ದನಗಳ ಹಿಂಡಿ ಮಾರುವ ಅಂಗಡಿ. ಸುತ್ತಿನ ರೈತರು ಅದನ್ನು ‘ಮೀಸಿ ಅಂಗಡಿ’ ಎಂದೇ ಕರೆಯುತ್ತಿದ್ದರು. ಬೋರ್ಡಿನ ಮೇಲೆ ಹೆಸರಿಗಿಂತ ದೊಡ್ಡದಾಗಿ ಮೀಸೆಯನ್ನೇ ಬರೆಸಿದ್ದ.

ಆದರೆ ಭಯಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಕುತೂಹಲ. ಧಾಟಿ ಹಳೆಯದೋ ಹೊಸದೋ? ಎಲ್ಲಿ ಕೇಳಿದ್ದು? ಹಲ್ಲಿನ ಸಂದಿಗೆ ಸಿಕ್ಕ ಮೆಣಸಿನಕಾಯಿ ಬೀಜದ ಹಾಗೆ ತಲೆಯೊಳಗೆ ಚುಚ್ಚತೊಡಗಿತು. ಅಂಗಡಿ ತೆಗೆಯುವುದು ಬಿಟ್ಟು ಮೂಲೆಯ ಹುಲಗಪ್ಪನ ಚಹಾದಂಗಡಿಗೆ ನಡೆದ.

“ಹುಲಗಪ್ಪ, ಇದು ಯಾವ ಹಾಡು ಹೇಳು.” ಗುನುಗಿ ತೋರಿಸಿದ.

ಹುಲಗಪ್ಪ ಚಹಾ ಮಾರುವುದರ ಜೊತೆಗೆ ಒಂದು ಪಕ್ಷದ ಬಾವುಟವನ್ನೂ ಹೊರುತ್ತಿದ್ದ. ಸೋಸುತ್ತಿದ್ದ ಕೈ ಅಲ್ಲೇ ನಿಂತಿತು.

“ಕಾಕಾ! ಇದು ಆ ಕಡೀಯವರ ಪ್ರಚಾರದ ಹಾಡ್ರಿ! ಆಟೋದ ಮ್ಯಾಲೆ ಮೈಕಿನ ಕರ್ಣಾ ಕಟ್ಟಿ ಇದನ್ನ ಒದರಿಸ್ತಿದ್ರು. ನೀವೂ ಹಾರಿದ್ರೇನು?”

ಬೆಂಚಿನ ಮೇಲಿದ್ದ ಎದುರು ಪಕ್ಷದವನೊಬ್ಬ ಎದ್ದ. “ಯಾರದಲೇ ಅದು? ಇಂಥಾ ದರಿದ್ರ ಹಾಡು ನಿಮ್ಮದ!”

“ನಿಮ್ಮ ನಾಯಕ ಈ ವರ್ಷ ಪಕ್ಷದಿಂದ ಪಕ್ಷಕ್ಕ ಹಾರಿದ್ದು ನೋಡಿ ಮಂಗ್ಯಾ ಸುದ್ದಾ ನಾಚಿ ಗಿಡಾ ಇಳದಾವ, ನೀ ನಮಗ ಹೇಳ್ತಿ?”

“ನಿಮ್ಮಾಂವ ಹಾರಲಿಲ್ಲ ಯಾಕಂದ್ರ ಅವನ್ನ ಯಾರೂ ಕರೀಲಿಲ್ಲ!”

ಒಂದು ಕಪ್ ಚಹಾ ಹಾರಿ ಕುಬೇರಪ್ಪನ ಬಿಳಿ ಅಂಗಿಯ ಮೇಲೆ ಇಳಿಯಿತು. “ನಿಮ್ಮ ಎರಡೂ ಪಕ್ಷಾ ಹಾಳಾಗಿ ಹೋಗ್ಲಿ! ಈ ಕಲಿ ಹೋಗೂದಿಲ್ಲಲೇ, ಬಿಸಿನೀರಾಗ ನೆನಿ ಇಟ್ಟರೂ ಹೋಗೂದಿಲ್ಲ!” ಎಂದು ಕೂಗಾಡಿ ಮನೆಗೆ ಬಂದ. ಅಷ್ಟು ಸಿಟ್ಟಿನಲ್ಲೂ ಮೂಗು “ತಾರೀ ರೀರಾ” ಅನ್ನುತ್ತಲೇ ಇತ್ತು.

ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಋತುಜಾ ಎಂಬ ಹುಡುಗಿ ಯುನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದಳು. ಅವಳು ಫೋನನ್ನು ಅವನ ಬಾಯಿಯ ಮುಂದೆ ಹಿಡಿದಳು.

“ಇದರ ಮುಂದ ಗುನುಗ್ರಿ ಕಾಕಾ. ಅದ ಹುಡುಕಿ ಹೇಳ್ತದ.”

ಕುಬೇರಪ್ಪ ಡಾಕ್ಟರಿಗೆ ನಾಲಿಗೆ ತೋರಿಸುವವನ ಹಾಗೆ ಕತ್ತು ಚಾಚಿ ಗುನುಗಿದ.

“ಕೊರಿಯಾದ ಹುಡುಗರ ಹಾಡು ಅಂತದ.”

“ಕೊರಿಯಾ? ಅದು ಎಲ್ಲಿ ಬರ್ತೈತಿ?”

“ತಡೀರಿ, ಅಲ್ಲಂತ. ಹಲ್ಲುಪುಡಿ ಜಾಹೀರಾತು... ಅದೂ ಅಲ್ಲಂತ. ಕೂಸು ಮಲಗಿಸೂ ಸಂಗೀತ ಅಂತ ತೋರಸ್ಲಿಕ್ಕತ್ತದ. ಕಾಕಾ, ಬಿಡ್ರಿ, ಒಂದು ಮಾತು ಖರೇ. ಯಾವುದಾದ್ರೂ ಇದು ಹೊಸಾದು ಅನಸ್ತದ. ನಾನೂ ಎಲ್ಲೋ ಕೇಳೇನಿ. ಇಲ್ಲೇ, ಭಾಳ ಹತ್ತಿರ...”

ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ಕರೆಂಟ್ ಇನ್ನೂ ಬಂದಿರಲಿಲ್ಲ. ಕುಬೇರಪ್ಪ ಮೀಸೆಯನ್ನು ಮುಟ್ಟಿ ನೋಡಿಕೊಂಡ. ಇನ್ನೂ ಇತ್ತು.

ಉಳಿದದ್ದು ರಮಾಕಾಂತರಾಯರ ಮನೆಯೊಂದೇ. ಹುಲಿಯ ಬಾಯಿಗೆ ತಾನೇ ಹೋಗಿ ತಲೆಯಿಟ್ಟ ಹಾಗೆ. ಆದರೆ ತಲೆ ತುರಿಸಿ ತುರಿಸಿ ಸಾಕಾಗಿತ್ತು. ಊಟ ಮುಗಿಸಿ ಹೋಗಿಯೇಬಿಟ್ಟ. ಒಂದಿಷ್ಟು ಸುಳ್ಳನ್ನೂ ಬೆರೆಸಿದ.

“ರಾಯರ, ನಮ್ಮ ಮುತ್ಯಾ ಇದನ್ನ ಗುನುಗ್ತಿದ್ದ. ಏನಂತ ನೋಡ್ರಿ.”

ರಾಯರು ಕಣ್ಣು ಮುಚ್ಚಿದರು. ಮತ್ತೊಮ್ಮೆ ಹಾಡಿಸಿದರು. ತೊಡೆಯ ಮೇಲೆ ತಾಳ ಹಾಕಿದರು. ಅವರ ಮುಖದ ಮೇಲೆ ಕಳೆದುಹೋದ ಆಕಳು ಕೊಟ್ಟಿಗೆಗೆ ಬಂದಂಥ ಕಳೆ ಬಂತು.

“ಕುಬೇರಪ್ಪನವರ! ಇದು ನಿಮಗ ಹೆಂಗ ಸಿಕ್ತು? ಹಳೇ ಬಂದಿಶ್ ಅದ ಇದು! ನಮ್ಮ ಗುರುಗಳು ಒಮ್ಮೆ ಹಾಡಿದ್ರು, ಯಾರಿಗೂ ಕಲಿಸ್ಲಿಲ್ಲ. ಆ ‘ರಾ ರೀ ರಂ’ ಅಂತ ಇಳಿಯೂ ಜಾಗಾ ಈಗಿನವರಿಗೆ ಬರೂದ ಇಲ್ಲ. ನೂರೈವತ್ತು ವರ್ಷಕ್ಕ ಒಂದ ದಿನಾ ಕಡಿಮಿ ಇಲ್ಲ!”

“ಲಗ್ನಕ್ಕಿಂತ ಮೊದಲಿಂದ?”

“ನಿಮ್ಮ ಮುತ್ಯಾನ ಲಗ್ನಕ್ಕಿಂತ ಮೊದಲಿಂದು!”

ರಾಯರ ಹೆಂಡತಿ ಲಕ್ಷ್ಮೀಬಾಯಿ ಚಹಾ ತಂದಿಟ್ಟು, “ನೋಡ್ರಿ, ಯೋಗಾ ಮಾಡವರ ಬಾಯಾಗ ಹೆಂಥಾ ವಿದ್ಯಾ ಬರ್ತದ. ನೀವೂ ಇದ್ದೀರಿ, ಹತ್ತಕ್ಕ ಏಳ್ತೀರಿ,” ಎಂದು ಗಂಡನನ್ನು ಚುಚ್ಚಿದರು. ಕುಬೇರಪ್ಪ ಮೀಸೆ ತಿರುವುತ್ತ ಮನೆಗೆ ಬಂದ. ಆದರೂ ಒಳಗೊಂದು ಹುಳ ಉಳಿಯಿತು. ಅಜ್ಜ ಗುನುಗಿದ್ದು ಸುಳ್ಳು. ಹಾಗಾದರೆ ತಾನು ಕೇಳಿದ್ದೆಲ್ಲಿ?

ಸಂಜೆ ಮಾಳಿಗೆ ತುಂಬಿತು. ಕರೆಂಟ್ ಬಾರದ್ದರಿಂದ ಕಂದೀಲು ಹಚ್ಚಿಟ್ಟಿದ್ದರು. ಮಿರ್ಚಿಯ ಬುಟ್ಟಿ ಹೊತ್ತು ಬಂದ ಹುಲಗಪ್ಪನೇ ಮೊದಲು ಮಾತಾಡಿದ. “ಈ ವರ್ಷ ರಾಜಕೀಯದಾಗ ಭಾಳ ಸುಧಾರಣಿ ಆಗೇತ್ರಿ. ಮೊದಲ ಆರಿಸಿ ಬಂದ ಮ್ಯಾಲೆ ಮಾರಿ ತೋರಸ್ತಿದ್ದಿಲ್ಲ, ಈಗ ದಿನಾ ಫೋನ್‌ನ್ಯಾಗ ತೋರಸ್ತಾರ.” ಋತುಜಾ ಎದ್ದು, “ನಾ ನೋಡಿದ ಸಿನಿಮಾ ಎಲ್ಲಾದರಾಗೂ ಹೀರೋ ಗಡ್ಡಾ ಬಿಟ್ಟಿದ್ದ, ಕಡೀಕ ‘ಎರಡನೇ ಭಾಗ ನೋಡ್ರಿ’ ಅಂತ ಬಂತು. ಒಂದರದೂ ಕತಿ ಏನಾತು ನಂಗ ಗೊತ್ತಿಲ್ಲ,” ಅಂದಳು. ರಾಯರು, “ಕಚೇರಿಯೊಳಗ ಕೇಳವರಕಿಂತ ವಿಡಿಯೋ ಮಾಡವರ ಹೆಚ್ಚಾಗ್ಯಾರ. ಅವರಿಗೆ ತಾಳದ ಸಮ್ ಅಂದ್ರ ಚಪ್ಪಾಳಿ ಹೊಡಿಯೂ ಜಾಗಾ,” ಎಂದು ನಿಟ್ಟುಸಿರು ಬಿಟ್ಟರು.

ಕುಬೇರಪ್ಪನ ಸರದಿ ಬಂತು. ಎದ್ದು ನಿಂತ.

“ಈ ವರ್ಷನೂ ಒಂದ ಹೊಸಾ ಹಾಡು ನನ್ನ ಕಿವಿಯೊಳಗ ಹೋಗಿಲ್ಲ. ಹೋದದ್ದು ಒಂದ, ನೂರೈವತ್ತು ವರ್ಷದ್ದು. ಕೇಳ್ರಿ!”

ಹಾಡಿದ. ರಾಯರಿಗೆ ತಡೆಯಲಾಗಲಿಲ್ಲ. ಅವನ ಕೈಯಿಂದ ಧಾಟಿ ಕಸಿದುಕೊಂಡು ಆಲಾಪ ಬೆಳೆಸಿದರು, ತಾನ್ ಬಿಟ್ಟರು. ಧಾರವಾಡದ ಮಂದಿಯಲ್ಲವೇ, ಮಿರ್ಚಿ ಹಿಡಿದ ಕೈಯಲ್ಲೇ ತಾಳ ಹಾಕಿದರು. ಹುಲಗಪ್ಪ ಕೂಡ, “ಹೌದಬಿಡ್ರಿ, ಇಂಥಾದು ಯಾವ ಪಕ್ಷಕ್ಕೂ ಆಗೂದಿಲ್ಲ,” ಎಂದು ಕಣ್ಣೊರೆಸಿಕೊಂಡ. ಚನ್ನಬಸವ್ವ ಮಾತ್ರ ಮೂಲೆಯ ಕುರ್ಚಿಯಲ್ಲಿ ಸೆರಗಿನಿಂದ ಇಡೀ ಮುಖವನ್ನೇ ಮುಚ್ಚಿಕೊಂಡಿದ್ದಳು.

ಆ ಹೊತ್ತಿಗೆ ಕರೆಂಟ್ ಬಂತು. ಓಣಿಯೆಲ್ಲ ಝಗ್ ಅಂದಿತು. ದೀಪಕ್ಕೋ ಸಂಗೀತಕ್ಕೋ ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಳಗೆ ಹಿತ್ತಲ ಮೆಟ್ಟಿಲ ಬುಡದಲ್ಲಿ ಏನೋ ಗರಗರ ಅಂದಿತು. ಯಾರೂ ಲಕ್ಷ್ಯ ಕೊಡಲಿಲ್ಲ. ರಾಯರು ಕಣ್ಣು ಮುಚ್ಚಿ ಕಡೆಯ ತಾನಿಗೆ ಉಸಿರೆಳೆದುಕೊಂಡರು. ಗರಗರ ನಿಂತಿತು.

“ಟೀಂಟೀ ಟೀಟಾ, ಟೀಂಟೀ ಟೀಟಾ, ಟಾ ಟೀ ಟಂ!”

ಅದೇ ಧಾಟಿ. ‘ರಾ ರೀ ರಂ’ ಇಳಿಯುವ ಜಾಗ ಕೂಡ ಅದೇ.

ಮಾಳಿಗೆಯ ಮೇಲೆ ಯಾರಿಗಾದರೂ ತಿಳಿಯುವ ಮೊದಲೇ ಕುಬೇರಪ್ಪನ ಕಾಲಿಗೆ ತಿಳಿದಿತ್ತು. ದಸರೆಯಿಂದ ಬೆಳೆದ ರೂಢಿ. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, “ಅರಿವಿ ಒಗದಾತು!” ಎಂದು ಕೂಗಿ ಮೆಟ್ಟಿಲ ಕಡೆಗೆ ಓಡಿದ. ಅರ್ಧ ಇಳಿದ ಮೇಲೆ ನಿಂತ. ಹಿಂದಿರುಗಿ ನೋಡಿದ. ಇಡೀ ಓಣಿ ಮಾಳಿಗೆಯ ಅಂಚಿನಿಂದ ಬಗ್ಗಿ ನೋಡುತ್ತಿತ್ತು.

ಲಕ್ಷ್ಮೀಬಾಯಿಯವರ ದನಿ ಮೊದಲು ಬಂತು. “ಅಯ್ಯ! ಇದೇನ್ರಿ ನಿಮ್ಮ ಯೋಗಾ?”

ಕುಬೇರಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ. “ನಾ ಒಬ್ಬರ ಮುಂದೂ ಹೇಳಿಲ್ರಿ,” ಎಂದಳು ಚನ್ನಬಸವ್ವ, ಸೆರಗು ತೆಗೆದು. “ಮುಂಜಾನೆ ನಿಮಗರ ಹೇಳಬೇಕಂದೆ, ರೊಟ್ಟಿ ಬಡಿ ಅಂದ್ರಿ. ಈಗ ಅದ ಹೇಳ್ತು.”

“ಅದಕ್ಕ ಎಲ್ಲೋ ಕೇಳೇನಿ ಅನಸಿತ್ತು!” ಎಂದು ಋತುಜಾ ಹಣೆ ಬಡಿದುಕೊಂಡಳು.

“ಕೇಳ್ರಿ ಇಲ್ಲೆ,” ಎಂದು ಲಕ್ಷ್ಮೀಬಾಯಿ ಗಂಡನ ಕಡೆ ತಿರುಗಿದರು. “ನಾಳಿಂದ ನೀವೂ ಇದ ಯೋಗಾ ಮಾಡ್ರಿ.” ಓಣಿಯ ಉಳಿದ ಹೆಂಗಸರೂ ತಂತಮ್ಮ ಗಂಡಂದಿರ ಕಡೆ ತಿರುಗಿದರು. ಗಂಡಂದಿರೆಲ್ಲ ಕುಬೇರಪ್ಪನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹತ್ತಿಕೊಳ್ಳಬೇಕು.

ರಾಯರು ನಿಧಾನವಾಗಿ ಕೆಮ್ಮಿದರು. “ಕುಬೇರಪ್ಪನವರ, ಆ ಬಟ್ಟಿ ಒಗಿಯೂ ಮಷೀನ್ ಯಾವಾಗ ತಂದ್ರಿ?”

“ದಸರಿಗೆ.”

“ಹಂಗಾರ ಹಾಡಿಗೂ ಅಷ್ಟ ವಯಸ್ಸು. ನಿಮ್ಮ ಲಗ್ನದ ನಂತರದ್ದು. ಹುಲಗಪ್ಪ, ಕತ್ರಿ ತಗೊಂಬಾ.”

“ರಾಯರ! ನೀವ ನೂರೈವತ್ತು ವರ್ಷ ಅಂದ್ರಿ! ಬಂದಿಶ್ ಅಂದ್ರಿ! ಗುರುಗಳು ಅಂದ್ರಿ!”

“ಅದು ನನಗ ಅರಿವಿ ಒಗಿಯೂ ಪಾಳಿ ಬರೂಕಿಂತ ಮೊದಲಿನ ಮಾತು.”

ಹೊಸ ವರ್ಷದ ಬೆಳಿಗ್ಗೆ ಕುಬೇರಪ್ಪ ಹಿತ್ತಲ ಬಾಗಿಲು ಹಾಕಿಕೊಳ್ಳಲಿಲ್ಲ. ಇನ್ನು ಹಾಕಿ ಏನು ಮಾಡುವುದು? ಮೇಲ್ತುಟಿಗೆ ಚಳಿ ಹತ್ತುತ್ತಿತ್ತು. ಚಹಾದ ಕಲೆ ಹೋಗದ ಅಂಗಿಯನ್ನು ಜಾಡಿಸಿ ತಂತಿಯ ಮೇಲೆ ಹಾಕಿದ. ಕಂಪೌಂಡಿನ ಆಚೆ ರಮಾಕಾಂತರಾಯರು ಬಕೆಟ್ಟಿನಿಂದ ಹೆಂಡತಿಯ ಒಂಬತ್ತು ಗಜದ ಸೀರೆಯನ್ನು ಎಳೆಯುತ್ತಿದ್ದರು. ಎಷ್ಟು ಎಳೆದರೂ ಅದು ಮುಗಿಯುತ್ತಿರಲಿಲ್ಲ. ಇಬ್ಬರೂ ಮಾತು ಬಿಟ್ಟಿದ್ದರು. ಆದರೆ ರಾಯರ ಬಾಯಿ ಅವರಿಗೆ ತಿಳಿಯದೆಯೇ ಹಾಡುತ್ತಿತ್ತು: “ತಾರೀ ರೀರಾ, ತಾರೀ ರೀರಾ...”

ಕುಬೇರಪ್ಪ ಇಲ್ಲದ ಮೀಸೆಯ ಮೇಲೆ ಕೈಯಾಡಿಸಿದ. ಕೈಗೆ ಏನೂ ಸಿಗಲಿಲ್ಲ. ಆಮೇಲೆ ಕಂಪೌಂಡಿನ ಮೇಲಿಂದ ಕೂಗಿಯೇಬಿಟ್ಟ.

“ರಾಯರ, ‘ರಾ ರೀ ರಂ’ ಕಡೆ ತಪ್ಪಿದ್ರಿ. ಮತ್ತೊಮ್ಮೆ ಮೊದಲಿಂದ ತಗೋರಿ.”