ಬೆನ್ನ ಮೇಲಿನ ಪಾಠ

ಸನ್ಮಾನದ ಶಾಲು ಎಷ್ಟು ಉದ್ದ ಇರುತ್ತದೆ? ಬೆನ್ನು ಪೂರ್ತಿ ಮುಚ್ಚುತ್ತದೆಯೋ, ಹೆಗಲಿಗೇ ನಿಂತುಬಿಡುತ್ತದೆಯೋ? ಹೋದ ವರ್ಷ ಹೊದಿಸಿದ್ದು ಸೊಂಟದವರೆಗೆ ಬಂದಿತ್ತು. ಆದರೆ ಹೋದ ವರ್ಷದವರು ಕುಳ್ಳರು.

ಶಹಾಪುರದ ಸಭಾಭವನದಲ್ಲಿ ವಿಜ್ಞಾನದ ಮಾಸ್ತರ ಕಾಂತೇಶ ಕುರ್ಚಿಗೆ ಬೆನ್ನು ಅಂಟಿಸಿ ಕೂತು ಹೀಗೆ ಯೋಚಿಸುತ್ತಿದ್ದ. ಅವನ ಬಿಳಿ ಅಂಗಿಯ ಬೆನ್ನಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು ಬಿದ್ದಿತ್ತು, ದೋಣಿಯೊಂದನ್ನು ಕಟ್ಟಿಕೊಂಡು ಬಂದ ಹಾಗೆ.

ಆ ಅಂಗಿಯನ್ನು ಹೆಂಡತಿ ಅನುರಾಧಾ ಮೂರು ದಿನ ಕೂತು ತಾನೇ ಹೊಲಿದಿದ್ದಳು. ಬೆಳಗ್ಗೆ ತಾಯಿಯನ್ನು ಕರೆತರಲು ವಡಗೇರಾಕ್ಕೆ ಹೊರಟಾಗ, "ಇಸ್ತ್ರಿ ನೀವ ಮಾಡ್ಕೋರಿ. ಊರಿಗೆಲ್ಲ ಅದರ ಪಾಠ ಹೇಳ್ತೀರಲ್ಲ. ಅಂಗಿಗಿ ಏನರ ಆತಂದ್ರ ಮನಿಗಿ ಬರಬ್ಯಾಡ್ರಿ," ಎಂದಿದ್ದಳು.

ಸನ್ಮಾನವೂ ಆ ಪಾಠಕ್ಕೇ. ಹತ್ತಿಯ ನೂಲು ಮಡಿಕೆ ಬಿದ್ದಲ್ಲೇ ಹಟ ಹಿಡಿದು ಕೂರುತ್ತದೆ. ಹಬೆಯ ತೇವ ಒಳಹೊಕ್ಕು ಹಟ ಸಡಿಲಿಸುತ್ತದೆ, ಪೆಟ್ಟಿಗೆಯ ಭಾರ ನೇರ ಮಲಗಿಸುತ್ತದೆ, ಕಾವು ತೇವ ಒಣಗಿಸಿದ ಮೇಲೆ ನೂಲು ಹಾಗೆಯೇ ಉಳಿಯುತ್ತದೆ. ಎಂಟನೇ ತರಗತಿಯ ಕೊನೆಯ ಬೆಂಚಿನವರೂ ಇದನ್ನು ಮರೆತಿರಲಿಲ್ಲ. ಕಾಂತೇಶ ಸ್ವತಃ ಇಸ್ತ್ರಿ ಮಾಡಿದ್ದು ಮಾತ್ರ ಇವತ್ತೇ ಮೊದಲು.

ಹಬೆಯ ಇಸ್ತ್ರಿಪೆಟ್ಟಿಗೆಗೆ ನೀರು ತುಂಬುವಷ್ಟರಲ್ಲಿ ಪಕ್ಕದ ಮನೆಯ ಮಲ್ಕಪ್ಪ ಬಂದಿದ್ದ. "ಬರೇ ನೀರೇನ್ರಿ ಸರ? ಗಂಜಿ ಹಾಕ್ರಿ. ಅಂಗಿ ಹಪ್ಪಳದಂಗ ನಿಲ್ತದ."

ಗಂಜಿ ಹಾಕುವುದು ಬಟ್ಟೆಗೆ, ಪೆಟ್ಟಿಗೆಯ ಹೊಟ್ಟೆಗಲ್ಲ. ಹೇಳಬೇಕೆಂದು ಕಾಂತೇಶ ಬಾಯಿ ತೆರೆದ. ಅಷ್ಟರಲ್ಲಿ ಎದುರುಮನೆಯ ತಿಮ್ಮವ್ವ ಅನ್ನ ಬಸಿದ ಗಂಜಿ ತಂದು ತಾನೇ ಸುರಿದೂಬಿಟ್ಟಳು. ಹಿರಿಯರ ಮುಂದೆ ಮಾತು ನುಂಗುವುದು ಅವನ ಹಳೆಯ ಅಭ್ಯಾಸ.

ಪೆಟ್ಟಿಗೆ ಎರಡು ಸಲ ಕೆಮ್ಮಿತು, ಕಂದು ಎಂಜಲು ಉಗುಳಿತು, ತೂತು ಕಟ್ಟಿಕೊಂಡು ಸುಮ್ಮನಾಯಿತು.

"ಹಬಿ ಬರವಲ್ದಲ್ಲೋ ತಮ್ಮಾ!" ಎಂದಳು ತಿಮ್ಮವ್ವ.

"ಕಾವು ಪೂರಾ ತಿರುವ್ರಿ ಸರ. ಹಂಗ ಒತ್ತಿ ಹಿಡೀರಿ!" ಎಂದ ಮಲ್ಕಪ್ಪ.

ಒತ್ತಿ ಹಿಡಿದ. ಎತ್ತಲು ಹೋದರೆ ಅಂಗಿಯೂ ಜೊತೆಗೆ ಎದ್ದಿತು.

ಬೇರೆ ಅಂಗಿ ತೊಟ್ಟರೆ ಅನುರಾಧಾ ಸಭೆಯಲ್ಲೇ ವಿಚಾರಣೆ ನಡೆಸುತ್ತಾಳೆ. ಮಲ್ಕಪ್ಪನೇ ದಾರಿ ತೋರಿಸಿದ. "ಮುಂದ ಚಂದ ಅದ. ಹಿಂದ ಶಾಲು ಮುಚ್ತದ. ಚಿಂತಿ ಬಿಡ್ರಿ."

ಈಗ ಹೆಸರು ಕರೆದರು. ಕಾಂತೇಶ ಗೋಡೆಗೆ ಬೆನ್ನು ಸವರುತ್ತ ಏಡಿಯಂತೆ ವೇದಿಕೆ ಹತ್ತಿದ. ಮೊದಲ ಸಾಲಿನಲ್ಲಿ ಅನುರಾಧಾ, ಪಕ್ಕದಲ್ಲಿ ಅತ್ತೆ ಮೋನಮ್ಮ.

ಶಿಕ್ಷಣಾಧಿಕಾರಿ ಹಣಮಂತ್ರಾಯರು ಮೈಕು ಹಿಡಿದರು. "ಈ ವರ್ಷದಿಂದ ಶಾಲು ಬಂದ್. ಪುಸ್ತಕ ಕೊಡ್ತೀವಿ." ಪುಸ್ತಕ ಅಂಗೈಯಷ್ಟಿತ್ತು. "ಹಂಗ ಆ ಪಾಠ ಐದು ನಿಮಿಷ ಮಾಡಿ ತೋರಿಸ್ರಿ ಸರ. ಹಿಂದ ಬೋರ್ಡ್ ಅದ."

ಕಾಂತೇಶ ಜನರತ್ತ ನಗುತ್ತ, ಕೈ ಹಿಂದಕ್ಕೆ ತಿರುಚಿ ಬರೆಯಲು ನೋಡಿದ. 'ಹಬೆ' ಎಂಬುದು ಓಡುತ್ತಿರುವ ಹಲ್ಲಿಯಂತೆ ಮೂಡಿತು.

"ತಿರುಗಿ ಬರೀರಿ," ಎಂದರು ಹಣಮಂತ್ರಾಯರು.

ತಿರುಗಿದ. ಬೆನ್ನ ಮೇಲಿನ ಕಂದು ದೋಣಿ ಇಡೀ ಸಭೆಗೆ ಕಂಡಿತು.

"ಶಾಬಾಸ್!" ಹಣಮಂತ್ರಾಯರು ಎದ್ದೇ ನಿಂತರು. "ಹಬಿ ಇಲ್ದ ಇಸ್ತ್ರಿ ಮಾಡಿದ್ರ ಏನಾಗ್ತದ ಅಂತ ತೋರಿಸಾಕ ಸ್ವಂತ ಅಂಗಿ ಸುಟ್ಕೊಂಡು ಬಂದಾರ! ಇವರು ಬರೋ ವಾರದಿಂದ ತಾಲೂಕಿನ ಎಲ್ಲಾ ಸಾಲಿಗೂ ಹೋಗ್ತಾರ. ಸಾಲಿಗೊಂದು ಬಿಳಿ ಅಂಗಿ, ಹುಡುಗ್ರ ಮುಂದನ ಸುಟ್ಟು ತೋರಿಸ್ತಾರ!"

ಚಪ್ಪಾಳೆಗೆ ಕಿಟಕಿ ಅದುರಿತು. ಮಲ್ಕಪ್ಪ ಸೀಟಿ ಹೊಡೆದ.

"ಅಷ್ಟೂ ಅಂಗಿ ಯಾರು ಹೊಲೀಬೇಕವಾ?" ಎಂದು ಮೋನಮ್ಮ ಮಗಳನ್ನು ಕೇಳಿದಳು.

ಗಂಡ ಕೆಳಗಿಳಿದು ಬಂದಾಗ ಅನುರಾಧಾ ಮೆಲ್ಲಗೆ ಕೇಳಿದಳು, "ಅಂದ್ರ, ಬೇಕಂತನ ಸುಟ್ರಿ?"

ಕಾಂತೇಶ ಬಾಯಿ ತೆರೆದ. ಜೊತೆಗೇ ಇಳಿದು ಬಂದ ಹಣಮಂತ್ರಾಯರು ಅವನ ಬೆನ್ನು ತಟ್ಟುತ್ತಿದ್ದರು, ಸರಿಯಾಗಿ ಸುಟ್ಟ ಜಾಗದ ಮೇಲೆ.

ಅಂಗಿ ಕೈತಪ್ಪಿ ಸುಟ್ಟಿತೆಂದು ಅವನು ಆಗ ಹೇಳಲಿಲ್ಲ. ಸಂಜೆ ಅನುರಾಧಾ ಮುಚ್ಚಿದ ಮನೆಬಾಗಿಲ ಹೊರಗೆ ನಿಂತಾಗಲೂ ಹೇಳಲಿಲ್ಲ; ಒಳಗೆ ಅತ್ತೆ ಇದ್ದಳಲ್ಲ.